ಕೈಕೆಲಸದ ಒಡವೆ: ಕೆಲಸದ ಮಣೆಯ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಹಳೆಯ ಪೇಟೆಯಲ್ಲಿ ನಮ್ಮದು ಮೂರು ತಲೆಮಾರಿನ ಅಕ್ಕಸಾಲಿ ಕೆಲಸ. ಒಡವೆ ಮಾಡಿಸಲು ಬಂದವರು ಮಣೆಯ ಎದುರಿಗೆ ಕುಳಿತು ಕೇಳುವ ಪ್ರಶ್ನೆಗಳೂ, ಚನ್ನಗಿರಿ, ಜಗಳೂರು, ಹೊಳಲ್ಕೆರೆ ಕಡೆಯಿಂದ ಪತ್ರದಲ್ಲಿ, ಫೋನಿನಲ್ಲಿ ಬರುವ ಪ್ರಶ್ನೆಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಕೇಳಿದವರ ಮಾತನ್ನು ತಿದ್ದದೆ ಇಟ್ಟು ಉತ್ತರಗಳನ್ನು ಬರೆದಿದ್ದೇನೆ. ಮೊದಲ ಸಲ ಒಡವೆ ಮಾಡಿಸುವವರಿಗೆ ಮೊದಲಿನ ಭಾಗ ಸಾಕು; ಕೆಲಸದ ಒಳಗುಟ್ಟು ಬೇಕಾದವರು ಕೊನೆಯವರೆಗೆ ಬರಬಹುದು.

## ಮೊದಲ ಸಲ ಬಂದವರಿಗೆ

ಅಂಗಡೀಲಿ ತಗೊಳ್ಳೋದಕ್ಕೂ ನಿಮ್ಮ ಹತ್ರ ಮಾಡಿಸೋದಕ್ಕೂ ಏನ್ರಿ ವ್ಯತ್ಯಾಸ?

ಅಂಗಡಿಯ ಒಡವೆಗಳಲ್ಲಿ ಹೆಚ್ಚಿನವು ಅಚ್ಚಿನಲ್ಲಿ ಎರಕ ಹೊಯ್ದವು ಅಥವಾ ಯಂತ್ರದಲ್ಲಿ ಒತ್ತಿದವು. ಒಂದೇ ಮಾದರಿ ನೂರಾರು ಬಂದಿರುತ್ತದೆ. ನಮ್ಮಲ್ಲಿ ತೂಕ, ಅಳತೆ, ಕೊಂಡಿ, ತಿರುಪು ಎಲ್ಲವನ್ನೂ ಹಾಕಿಕೊಳ್ಳುವವರ ಜೊತೆ ಕುಳಿತು ತೀರ್ಮಾನಿಸಿದ ಮೇಲೆಯೇ ಬಂಗಾರಕ್ಕೆ ಕೈ ಹಚ್ಚುತ್ತೇವೆ. ಇದರಲ್ಲಿ ನಿಮಗೆ ತೊಂದರೆಯೂ ಇದೆ. ಕೊಳ್ಳುವ ಮೊದಲು ಒಡವೆಯನ್ನು ಕಣ್ಣಾರೆ ನೋಡಲು ಆಗುವುದಿಲ್ಲ, ಕಾಯಬೇಕಾಗುತ್ತದೆ, ಮನಸ್ಸಿಗೆ ಬಾರದಿದ್ದರೆ ವಾಪಸು ಕೊಟ್ಟು ಇನ್ನೊಂದನ್ನು ಆರಿಸುವಂತಿಲ್ಲ. ಮದುವೆಗೆ ಎಂಟು ದಿನ ಉಳಿದಿರುವಾಗ ಬಂದವರಿಗೆ ನಾನೇ ಅಂಗಡಿಯ ದಾರಿ ತೋರಿಸುತ್ತೇನೆ.

ಕೈಯಾಗೆ ಮಾಡಿದ್ದು ಅಂದ್ರೆ ಮಷಿನ್ ಮುಟ್ಟೋದೇ ಇಲ್ವಾ?

ಮುಟ್ಟುತ್ತೇವೆ. ಅಜ್ಜನ ಕಾಲದಲ್ಲಿ ಗಟ್ಟಿಯನ್ನು ಅಡಿಗಲ್ಲಿನ ಮೇಲೆ ಬಡಿದು ತಗಡು ಮಾಡುತ್ತಿದ್ದರು. ಈಗ ಎರಡು ಉಕ್ಕಿನ ಉರುಳೆಗಳ ನಡುವೆ ಒತ್ತುವ ಯಂತ್ರವಿದೆ. ಇದ್ದಿಲಿನ ಅಗ್ಗಿಷ್ಟಿಕೆ ಮತ್ತು ಊದುಗೊಳವೆಯ ಜಾಗಕ್ಕೆ ಗ್ಯಾಸ್ ಬಂದಿದೆ, ಪಾಲಿಶ್‌ಗೆ ಮೋಟಾರ್ ಇದೆ. ಕತ್ತರಿಸುವುದು, ಬಗ್ಗಿಸುವುದು, ಬೆಸೆಯುವುದು, ಉಬ್ಬುಕೆತ್ತನೆ, ಹರಳು ಕೂಡಿಸುವುದು ಮಾತ್ರ ಕೈಯಿಂದಲೇ. ಸಪೂರ ಸರಪಳಿಯನ್ನು ಯಂತ್ರದ್ದೇ ತಂದು ಹಾಕುತ್ತೇನೆ. ಅದು ಕೈಯಲ್ಲಿ ಮಾಡಿದ್ದಕ್ಕಿಂತ ಸಮನಾಗಿರುತ್ತದೆ, ಮಜೂರಿಯೂ ಕಡಿಮೆ ಬೀಳುತ್ತದೆ. ಯಾವುದು ತಂದದ್ದು, ಯಾವುದು ಮಾಡಿದ್ದು ಎಂಬುದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.

ಒಂದು ಜೊತೆ ಝುಮಕಿಗೆ ಎಷ್ಟು ದಿನ ಬೇಕು? ಮಜೂರಿ ಹೆಂಗೆ ಹಾಕ್ತೀರಿ?

ಸಾದಾ ಝುಮಕಿಗೆ ಒಂದು ವಾರ, ಸುತ್ತಲೂ ಗುಂಡಿನ ಸಾಲು ಮತ್ತು ಹರಳು ಇದ್ದರೆ ಹದಿನೈದು ದಿನ. ಮಜೂರಿಯನ್ನು ಬಂಗಾರದ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ನಾನು ಹಾಕುವುದಿಲ್ಲ, ದಿನದ ಲೆಕ್ಕದಲ್ಲಿ ಹಾಕುತ್ತೇನೆ. ಬಂಗಾರದ ಬೆಲೆ ಏರಿದ ಮಾತ್ರಕ್ಕೆ ನನ್ನ ಕೈಯ ಕೆಲಸ ಹೆಚ್ಚಾಗುವುದಿಲ್ಲ. ಅಡಿಕೆ ಮಾರಾಟವಾಗಿ, ಮೆಕ್ಕೆಜೋಳದ ದುಡ್ಡು ಕೈಗೆ ಬಂದ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ, ಆಗ ಇದೇ ಕೆಲಸಕ್ಕೆ ತಿಂಗಳು ಹಿಡಿಯುತ್ತದೆ.

'ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ' ಅಂತಾರೆ. ನಿಜ ಹೇಳ್ರಿ, ಎಷ್ಟು ಉಳಿಸ್ಕೊಳ್ತೀರಿ?

ನಗುತ್ತಲೇ ಕೇಳುತ್ತಾರೆ, ಆದರೆ ಉತ್ತರ ಕೇಳುವಾಗ ನಗುವುದಿಲ್ಲ. ಅರ ಹಾಕಿದಾಗ ಪುಡಿ ಉದುರುತ್ತದೆ, ಗರಗಸದ ಹಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ಪಾಲಿಶ್ ಮಾಡುವಾಗ ಬಟ್ಟೆಗೆ ಹೋಗುತ್ತದೆ. ಅರದ ಪುಡಿ ಮಣೆಯ ಕೆಳಗಿನ ತಟ್ಟೆಯಲ್ಲಿ ಸೇರುತ್ತದೆ, ಅದನ್ನು ತೂಗಿ ನಿಮ್ಮ ಲೆಕ್ಕಕ್ಕೇ ಸೇರಿಸುತ್ತೇನೆ. ನೆಲಕ್ಕೆ, ಚಾಪೆಗೆ, ಕೈ ತೊಳೆದ ನೀರಿಗೆ ಹೋದದ್ದು ನಿಜವಾದ ಸವಕಳಿ. ಅದೂ ಪೂರ್ತಿ ನಷ್ಟವಾಗುವುದಿಲ್ಲ. ಅಕ್ಕಸಾಲಿಗರ ಕೇರಿಯ ಕಸವನ್ನು ಕೊಂಡು, ಮಣ್ಣು ತೊಳೆದು ಬಂಗಾರದ ಕಣ ತೆಗೆಯುವ ಜಲಗಾರರು ಹಿಂದಿನಿಂದಲೂ ಇದ್ದಾರೆ. ಆ ಕಸದ ದುಡ್ಡು ಅಕ್ಕಸಾಲಿಗೆ ಸೇರುವುದು ಪೇಟೆಯ ರೂಢಿ, ನಾನೂ ತೆಗೆದುಕೊಳ್ಳುತ್ತೇನೆ. ಹಳೆಯ ಗಾದೆ ಹುಟ್ಟಿದ್ದು ಈ ಪುಡಿಯಿಂದಲ್ಲ, ಕರಗಿಸುವಾಗ ಗಿರಾಕಿಯ ಕಣ್ಣಿಗೆ ಕಾಣದಂತೆ ತಾಮ್ರ ಸೇರಿಸಿದವರಿಂದ. ಅದಕ್ಕಾಗಿಯೇ ಕರಗಿಸುವ ದಿನ ನೀವೇ ಬಂದು ಎದುರಿಗೆ ಕುಳಿತುಕೊಳ್ಳಿ ಎಂದು ಹೇಳುತ್ತೇನೆ. ಯಾರಾದರೂ ಬೇಡ ಎಂದರೆ, ಅಂಥವರಲ್ಲಿ ಕರಗಿಸಬೇಡಿ.

## ರೂಪ ಕಟ್ಟುವ ಬಗೆ

ಡಿಸೈನ್ ಎಲ್ಲಿಂದ ಹೊಳೀತೈತಿ?

ಹೊಳೆದದ್ದಕ್ಕಿಂತ ಹುಡುಕಿ ಸಿಕ್ಕಿದ್ದೇ ಹೆಚ್ಚು. ಹರಿಹರದ ಹರಿಹರೇಶ್ವರ ದೇವಾಲಯ 1224ರ ಹೊತ್ತಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಅಲ್ಲಿಯ ತಿರುಗಣೆಯಲ್ಲಿ ಕಡೆದ ಕಂಬಗಳಲ್ಲಿ ಗಂಟೆಯ ಆಕಾರದ ಒಂದು ಭಾಗವಿದೆ; ಮೇಲೆ ಸಣ್ಣದಾಗಿ ಹೊರಟು, ಹೊಟ್ಟೆ ಉಬ್ಬಿ, ಅಂಚಿನಲ್ಲಿ ಸ್ವಲ್ಪವೇ ಹೊರಕ್ಕೆ ಬಾಗುತ್ತದೆ. ನಾನು ಮಾಡುವ ಝುಮಕಿಯ ಅಂಚು ಆ ಬಾಗಿನದೇ. ಪೂರ್ತಿ ಅರ್ಧಗೋಳದ ಝುಮಕಿ ಕೆನ್ನೆಗೆ ಅಂಟಿಕೊಂಡಂತೆ ಕಾಣುತ್ತದೆ, ಈ ಸಣ್ಣ ಬಾಗು ಅದನ್ನು ಬಿಡಿಸಿ ತೋರಿಸುತ್ತದೆ. ಮೊಳಕಾಲ್ಮೂರು ಸೀರೆಯ ಅಂಚು ಮತ್ತು ಬುಟ್ಟಾಗಳಿಂದ ಪದಕದ ಬಳ್ಳಿಗಳನ್ನು ತೆಗೆದುಕೊಂಡಿದ್ದೇನೆ. ನೇಯ್ಗೆಯಲ್ಲಿ ಬಾಗು ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಬರುವುದರಿಂದ ಹೂವಿಗೆ ಒಂದು ಬಿಗಿಯಿರುತ್ತದೆ, ಅದು ಲೋಹಕ್ಕೆ ಚೆನ್ನಾಗಿ ಒಪ್ಪುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದ್ದರು. ಕಾಸಿನ ಸರ ಮಾಡಿಸಲು ಬಂದವರಿಗೆಲ್ಲ ಈ ಕಥೆ ಹೇಳುವ ಚಪಲ ನನಗಿದೆ, ಎಲ್ಲರೂ ಕೇಳಿಸಿಕೊಳ್ಳುವುದಿಲ್ಲ.

ಸಿಕ್ಕಿದ್ದನ್ನೆಲ್ಲ ತುಂಬಿದರೆ ಒಡವೆಯಾಗುವುದಿಲ್ಲ, ಬಿಡುವುದೇ ದೊಡ್ಡ ಕೆಲಸ. ದುರ್ಗದಿಂದ ಬಂದ ಶಾಲೆಯ ಮೇಡಂ ಒಬ್ಬರು ಬೆಳ್ಳಿಯಲ್ಲಿ ಒನಕೆ ಓಬವ್ವನ ಪದಕ ಬೇಕೆಂದರು. ಒನಕೆ ಎತ್ತಿದ ಹೆಂಗಸು, ಹಿಂದೆ ಕೋಟೆ, ಕಿಂಡಿಯಿಂದ ತಲೆ ಹಾಕಿದ ಸೈನಿಕ ಎಲ್ಲವನ್ನೂ ಬರೆದೆ. 25 ಮಿಲಿಮೀಟರಿಗೆ ಇಳಿಸಿದಾಗ ಓಬವ್ವನ ಮುಖ ಸಾಸಿವೆ ಕಾಳಾಯಿತು. ನಾಲ್ಕನೆಯ ಸಲಕ್ಕೆ ಸೈನಿಕನನ್ನು ಬಿಟ್ಟೆ, ಏಳನೆಯ ಸಲಕ್ಕೆ ಓಬವ್ವನನ್ನೇ ಬಿಟ್ಟೆ. ಕೊನೆಗೆ ಉಳಿದದ್ದು ಒಂದಕ್ಕೊಂದು ಒರಗಿದ ಎರಡು ಬಂಡೆ, ನಡುವೆ ಕಿಂಡಿ, ಪಕ್ಕಕ್ಕೆ ಚಾಚಿ ನಿಲ್ಲಿಸಿದ ಒಂದು ಒನಕೆ. ಬಂಡೆಗೆ ಸುತ್ತಿಗೆಯ ಮೂತಿಯಿಂದ ಒರಟು ಕೊಟ್ಟೆ, ಕಿಂಡಿಯನ್ನು ಗರಗಸದಿಂದ ಆರಪಾರ ತೆಗೆದೆ, ಅವರು ಉಟ್ಟ ಸೀರೆಯ ಬಣ್ಣವೇ ಆ ಕಿಂಡಿಯೊಳಗೆ ಕಾಣುತ್ತದೆ. ದುರ್ಗದವರು ಯಾರೂ ಇದೇನೆಂದು ಕೇಳಿಲ್ಲವಂತೆ.

ಮೊಬೈಲ್‌ನಾಗೆ ಫೋಟೋ ತೋರಿಸಿದ್ರೆ ಸೇಮ್ ಮಾಡಿಕೊಡ್ತೀರಾ?

ಅಜ್ಜಿ ಮುತ್ತಜ್ಜಿಯರ ಅವಲಕ್ಕಿ ಸರ, ಬೋರಮಾಳ, ಟೀಕಿ, ಅಡ್ಡಿಕೆ, ಬುಗುಡಿ ಇವು ಯಾರ ಸೊತ್ತೂ ಅಲ್ಲ, ಅವುಗಳ ಫೋಟೋ ತಂದರೆ ಸಂತೋಷದಿಂದ ಮಾಡುತ್ತೇನೆ. ಇನ್ನೊಬ್ಬ ಕೆಲಸಗಾರರು ತಲೆ ಕೆಡಿಸಿಕೊಂಡು ಕಟ್ಟಿದ ರೂಪವನ್ನು ಹಾಗೆಯೇ ಇಳಿಸಿಕೊಡುವುದಿಲ್ಲ. ಇನ್ನೊಂದು ಕಷ್ಟವಿದೆ: ಫೋಟೋದಲ್ಲಿ ಒಡವೆಯ ಹಿಂಭಾಗ ಕಾಣುವುದಿಲ್ಲ, ಅದರ ದಪ್ಪವೂ ತಿಳಿಯುವುದಿಲ್ಲ. 40 ಗ್ರಾಂನ ಸರವನ್ನು ಅದೇ ಅಗಲಕ್ಕೆ 15 ಗ್ರಾಂನಲ್ಲಿ ಕೇಳಿದರೆ ಕಾಗದದಷ್ಟು ತೆಳುವಾದ ತಗಡು ಬರುತ್ತದೆ, ಮೊದಲ ಹಬ್ಬದಲ್ಲೇ ನುಗ್ಗುತ್ತದೆ.

ಕಿವಿ ನೋಡಬೇಕು, ಅವರನ್ನೇ ಕರ್ಕೊಂಡು ಬರ್ರಿ ಅಂತೀರಲ್ಲ, ಯಾಕೆ?

ಒಮ್ಮೆ ನೋಡದೆ ಮಾಡಿ ತಪ್ಪಿದ್ದೇನೆ. ಕೆಲಸಕ್ಕೆ ಕುಳಿತ ಹೊಸದರಲ್ಲಿ ಮದುಮಗಳೊಬ್ಬಳ ಅಪ್ಪ ಬಂದು ಹೇಳಿದ ಅಳತೆಗೆ ಒಂದೊಂದು 14 ಗ್ರಾಂ ತೂಗುವ ಝುಮಕಿ ಮಾಡಿಕೊಟ್ಟೆ. ಹುಡುಗಿಯ ಕಿವಿಯ ಹಾಲೆ ತೆಳುವಾಗಿತ್ತು, ತೂತು ಕೆಳಕ್ಕೆ ಜಗ್ಗಿತ್ತು. ಧಾರೆಯ ಹೊತ್ತಿಗೆ ಕಳಚಿಟ್ಟಳೆಂದು ಆಮೇಲೆ ತಿಳಿಯಿತು. ನನ್ನ ಖರ್ಚಿನಲ್ಲಿ ಬಿಚ್ಚಿ, ತೂಕ ಇಳಿಸಿ, ಭಾರವನ್ನು ಕೂದಲಿಗೆ ಹೊರಿಸುವ ಕೆನ್ನೆಸರಪಳಿ ಸೇರಿಸಿದೆ. ಈಗ ಹಾಲೆಯ ದಪ್ಪ, ತೂತು ಎಲ್ಲಿದೆ ಎಂಬುದು, ಕೊರಳಿನ ಸುತ್ತಳತೆ, ಯಾವ ಕೈಯಲ್ಲಿ ಕೆಲಸ ಮಾಡುತ್ತಾರೆ ಎಂಬುದನ್ನೆಲ್ಲ ಬರೆದುಕೊಳ್ಳುತ್ತೇನೆ. ಉಂಗುರದ ಅಳತೆಯನ್ನು ಬೆಳಿಗ್ಗೆ ತೆಗೆಯುವುದಿಲ್ಲ. ನಮ್ಮೂರಿನ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಬೆರಳು ಊದಿಕೊಳ್ಳುತ್ತದೆ.

ಮೊದಲು ತಾಮ್ರದಾಗೆ ಮಾಡಿ ತೋರಿಸ್ತೀರಂತೆ. ಅದಕ್ಕೂ ದುಡ್ಡು ಯಾಕೆ?

ತಾಮ್ರಕ್ಕೆ ಹಣವಿಲ್ಲ, ಅದರ ಮೇಲೆ ಕಳೆದ ಎರಡು ದಿನಕ್ಕೆ ಹಣ. ಕಾಗದದ ಮೇಲೆ ಚೆಂದ ಕಂಡದ್ದು ಮೈಮೇಲೆ ತೂಗಿದಾಗ ಮುಗ್ಗರಿಸುವುದು ತಾಮ್ರದಲ್ಲಿ ಗೊತ್ತಾಗುತ್ತದೆ. ಲೆಕ್ಕಕ್ಕೂ ಅದು ಅನುಕೂಲ. ತಾಮ್ರದ ಸಾಂದ್ರತೆ 8.96, 22 ಕ್ಯಾರೆಟ್ ಬಂಗಾರದ್ದು ಸುಮಾರು 17.7, ಆದ್ದರಿಂದ ತಾಮ್ರದ ಮಾದರಿಯ ತೂಕವನ್ನು ಎರಡರಿಂದ ಗುಣಿಸಿದರೆ ಬಂಗಾರದ ಒಡವೆಯ ತೂಕ ಹೆಚ್ಚುಕಡಿಮೆ ಸಿಗುತ್ತದೆ. 16 ಮಿಲಿಮೀಟರ್ ವ್ಯಾಸದ ಅರ್ಧಗೋಳವನ್ನು 0.3 ಮಿಲಿಮೀಟರ್ ತಗಡಿನಲ್ಲಿ ಮಾಡಿದರೆ ಬಂಗಾರದಲ್ಲಿ ಸುಮಾರು 2.1 ಗ್ರಾಂ ಆಗುತ್ತದೆ, ತಗಡು 0.4 ಆದರೆ 2.8 ದಾಟುತ್ತದೆ. ಕೂದಲೆಳೆಯಷ್ಟು ದಪ್ಪಕ್ಕೆ ಎಷ್ಟು ದುಡ್ಡು ಎಂಬುದನ್ನು ಗಿರಾಕಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

## ಬಂಗಾರದ ವಿಚಾರ

24 ಕ್ಯಾರೆಟ್ ಅಪ್ಪಟ ಬಂಗಾರದಾಗೇ ಮಾಡಿಕೊಡ್ರಿ ಅಂದ್ರೆ?

ಅಪ್ಪಟ ಬಂಗಾರ ಬಹಳ ಮೆದು. ಬಡಿದರೆ ಒಂದು ಗ್ರಾಂ ಸುಮಾರು ಒಂದು ಚದರ ಮೀಟರ್ ಹಾಳೆಯಾಗುವಷ್ಟು ಮೆದು. ಅದರಲ್ಲಿ ಮಾಡಿದ ಬಳೆ ವರ್ಷದೊಳಗೆ ಸೊಟ್ಟಗಾಗುತ್ತದೆ, ಹರಳು ಹಿಡಿದ ಕಾಲುಗಳು ಬಿಚ್ಚಿಕೊಳ್ಳುತ್ತವೆ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು ಬಂಗಾರ, ಉಳಿದದ್ದು ಬೆಳ್ಳಿ ಮತ್ತು ತಾಮ್ರ. 10 ಗ್ರಾಂ ಅಪ್ಪಟಕ್ಕೆ ಸುಮಾರು 0.9 ಗ್ರಾಂ ಬೆರಕೆ ಸೇರಿಸಿದರೆ ಆ ಮಟ್ಟಕ್ಕೆ ಬರುತ್ತದೆ. ಬೆರಕೆಯಲ್ಲಿ ತಾಮ್ರ ಹೆಚ್ಚಿದ್ದರೆ ಬಣ್ಣ ಕೆಂಪಿಗೆ ತಿರುಗುತ್ತದೆ, ಬೆಳ್ಳಿ ಹೆಚ್ಚಿದ್ದರೆ ಎಳೆ ಹಳದಿಗೆ. ಹಳೆಯ ಒಡವೆಯ ಕೆಂಪು ಛಾಯೆ ಇಷ್ಟಪಡುವವರು ಅದನ್ನು ಮೊದಲೇ ಹೇಳಬೇಕು. ಹರಳು ತುಂಬಿದ ಉಂಗುರಕ್ಕೆ ನಾನು 18 ಕ್ಯಾರೆಟ್, ಅಂದರೆ 750, ಸೂಚಿಸುತ್ತೇನೆ. ನಮ್ಮ ಕಡೆ ಅದನ್ನು ಒಪ್ಪುವವರು ಕಡಿಮೆ.

ಅಜ್ಜಿ ಸರ ಕರಗಿಸಿದ್ರೆ ತೂಕ ಯಾಕೆ ಅಷ್ಟು ಇಳೀತು?

ಹಳೆಯ ಗುಂಡಿನ ಸರ, ಬೋರಮಾಳಗಳ ಗುಂಡು ಒಳಗೆ ಟೊಳ್ಳು. ನುಗ್ಗದಿರಲೆಂದು ಅದರೊಳಗೆ ಅರಗು ತುಂಬಿರುತ್ತಾರೆ. ಬೆಂಕಿಗೆ ಇಟ್ಟಾಗ ಅದು ಸುಟ್ಟುಹೋಗುತ್ತದೆ. ದಾರ, ಎಣ್ಣೆ ಜಿಡ್ಡು, ಹರಳಿನ ಕೆಳಗಿನ ತಗಡು ಇವುಗಳೂ ತೂಕದಲ್ಲಿದ್ದವು. ಇದರ ಜೊತೆ ಹಳೆಯ ಬೆಸುಗೆಯಲ್ಲಿ ಬಂಗಾರದ ಅಂಶ ಕಡಿಮೆ, ಆದ್ದರಿಂದ ಕರಗಿ ಬಂದ ಗಟ್ಟಿ 22 ಕ್ಯಾರೆಟ್ಟಿಗಿಂತ ಕೆಳಗೆ ನಿಲ್ಲುತ್ತದೆ. ಅದನ್ನು ಶುದ್ಧ ಮಾಡಿಸಿದಾಗ ಎರಡನೆಯ ಸಲ ತೂಕ ಇಳಿಯುತ್ತದೆ. ಹಳೆಯ ಚೀಟಿಯಲ್ಲಿ ತೊಲದ ಲೆಕ್ಕವಿದ್ದರೆ ಇನ್ನೊಂದು ಗೊಂದಲ ಹುಟ್ಟುತ್ತದೆ: 96 ಗುಲಗಂಜಿಯ ಹಳೆಯ ತೊಲ 11.66 ಗ್ರಾಂ, ಈಗ ಪೇಟೆಯಲ್ಲಿ ತೊಲ ಎಂದರೆ 10 ಗ್ರಾಂ.

ಕರಗಿಸುವ ಮೊದಲು ಒಂದು ಮಾತು ಕೇಳುತ್ತೇನೆ: ಬಿಚ್ಚಿ ಮತ್ತೆ ಪೋಣಿಸಿದರೆ ಸಾಲದೇ? ಬೋರಮಾಳದ ಗುಂಡನ್ನು ಈಗ ಅಷ್ಟು ತೆಳುವಾಗಿ, ಅಷ್ಟು ದುಂಡಗೆ ಮಾಡುವ ಕೈಗಳು ನಮ್ಮ ಪೇಟೆಯಲ್ಲಿ ಬೆರಳೆಣಿಕೆಯಷ್ಟಿವೆ.

ನೀವು ಮಾಡಿದ್ದಕ್ಕೆ ಹಾಲ್‌ಮಾರ್ಕ್ ಇರ್ತೈತಾ?

ಇರುತ್ತದೆ. 2023ರ ಏಪ್ರಿಲ್ 1ರಿಂದ ಮಾರಾಟದ ಬಂಗಾರದ ಒಡವೆಗೆ ಅಕ್ಷರ ಮತ್ತು ಅಂಕೆ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ ಬೇಕು. ಅದರ ಜೊತೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಚಿಹ್ನೆ ಮತ್ತು 22ಕೆ916 ಎಂಬಂಥ ಶುದ್ಧತೆಯ ಗುರುತು ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಯಾರು ಬೇಕಾದರೂ ನೋಡಬಹುದು. ಎರಡು ಗ್ರಾಂಗಿಂತ ಕಡಿಮೆ ತೂಕದ ಮೂಗುಬೊಟ್ಟಿನಂಥವುಗಳಿಗೆ ವಿನಾಯಿತಿ ಇದೆ. ಒರೆಗಲ್ಲನ್ನು ನಾನು ಇನ್ನೂ ಬಳಸುತ್ತೇನೆ, ಆದರೆ ನನ್ನ ಅಂದಾಜಿಗೆ ಮಾತ್ರ. ಕ್ಯಾರೆಟ್ ಯಂತ್ರ ಕೂಡ ಮೇಲಿನ ಪದರವನ್ನಷ್ಟೇ ಓದುತ್ತದೆ, ತಕರಾರು ಬಂದರೆ ಬೆಂಕಿಯ ಪರೀಕ್ಷೆಯೇ ಕೊನೆಯ ಮಾತು.

ಕೆಡಿಎಂ ಬಂಗಾರ ಒಳ್ಳೇದಂತಲ್ಲ?

ಕೆಡಿಎಂ ಎಂದರೆ ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಒಡವೆ ಹಾಕಿಕೊಂಡವರಿಗಿಂತ ಮಾಡಿದವರಿಗೆ ಅದು ವಿಷ. ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಹೊಗೆಯಾಗಿ ಎದೆಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅದನ್ನು ಬಿಟ್ಟು ಬಹಳ ವರ್ಷವಾಯಿತು.

## ಕೆಲಸದ ಒಳಗುಟ್ಟು

ಬೆಸುಗೆ ಹಾಕುವಾಗ ಇಡೀ ಒಡವೆ ಯಾಕೆ ಕರಗೋದಿಲ್ಲ?

ಕೆಲವೊಮ್ಮೆ ಕರಗುತ್ತದೆ. ಅಪ್ಪಟ ಬಂಗಾರ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, 22 ಕ್ಯಾರೆಟ್ಟಿನದು ಅದಕ್ಕಿಂತ ಸ್ವಲ್ಪ ಕೆಳಗೆ. ಬೆಸುಗೆಯನ್ನು ಅದಕ್ಕೂ ಬೇಗ ಕರಗುವಂತೆ ಬೆಳ್ಳಿ, ತಾಮ್ರ, ಸತು ಸೇರಿಸಿ ನಾವೇ ಕಾಸಿಕೊಳ್ಳುತ್ತೇವೆ. ಕರಗುವ ಒಡವೆಗೂ ಕರಗದ ಒಡವೆಗೂ ನಡುವೆ ಇರುವ ಅಂತರ ಇಷ್ಟೇ. ಒಂದೇ ಒಡವೆಯಲ್ಲಿ ಇಪ್ಪತ್ತು ಬೆಸುಗೆಗಳಿದ್ದರೆ ಮೊದಲನೆಯವು ಗಡಸು, ಅಂದರೆ ಹೆಚ್ಚು ಕಾವಿಗೆ ಕರಗುವಂಥವು, ಕೊನೆಯವು ಮೆದು, ಅಂದರೆ ಕಡಿಮೆ ಕಾವಿಗೇ ಕರಗುವಂಥವು ಇರಬೇಕು. ಇಲ್ಲದಿದ್ದರೆ ಹತ್ತನೆಯದನ್ನು ಹಾಕುವಾಗ ಒಂದನೆಯದು ಬಿಚ್ಚಿಕೊಳ್ಳುತ್ತದೆ. ಆಗಲೇ ಹಾಕಿದ ಬೆಸುಗೆಯ ಮೇಲೆ ಕಾವಿಯನ್ನು ನೀರಿನಲ್ಲಿ ಕಲಸಿ ಹಚ್ಚುತ್ತೇವೆ. ಕಾವಿ ಹಚ್ಚಿದ ಕಡೆಗೆ ಬೆಸುಗೆ ಹರಿಯುವುದಿಲ್ಲ, ಬಿಳಿಗಾರ ಹಚ್ಚಿದ ಕಡೆಗೆ ಓಡುತ್ತದೆ. ಬಿಳಿಗಾರ ಕರಗಿ ಗಾಜಿನಂತೆ ಹರಡಿ, ಗಾಳಿ ತಾಗಿ ತಾಮ್ರ ಕಪ್ಪಾಗುವುದನ್ನು ತಡೆಯುತ್ತದೆ.

ಕಲಿಯುವವರು ಜ್ವಾಲೆಯನ್ನು ಬೆಸುಗೆಯ ಮೇಲೆಯೇ ಹಿಡಿಯುತ್ತಾರೆ. ಬೆಸುಗೆ ಉಂಡೆಯಾಗಿ ಅಲ್ಲೇ ಕೂರುತ್ತದೆ, ಏಕೆಂದರೆ ಅದು ಕಾವು ಹೆಚ್ಚಿರುವ ಕಡೆಗೆ ಹರಿಯುವ ವಸ್ತು. ಮೊದಲು ದಪ್ಪನೆಯ ತಗಡನ್ನು ಸುತ್ತಲೂ ಕಾಸಿ, ತಂತಿಯನ್ನು ಬೆಂಕಿಯಿಂದ ದೂರವಿಟ್ಟು, ಎರಡೂ ಒಂದೇ ಬಣ್ಣಕ್ಕೆ ಬಂದಾಗ ಜ್ವಾಲೆಯನ್ನು ಬೆಸುಗೆಯ ಆಚೆಗೆ ಎಳೆಯಬೇಕು. ಒಂದು ಕ್ಷಣ ಸಂದಿಯಲ್ಲಿ ಮಿಂಚಿನಂಥ ಗೆರೆ ಓಡುತ್ತದೆ. ಅಲ್ಲಿಗೆ ಕೈ ತೆಗೆಯದಿದ್ದರೆ ತಂತಿ ಮುದುಡಿ ಹನಿಯಾಗುತ್ತದೆ. ನಮ್ಮ ಕೆಲಸದ ಕೋಣೆ ಕತ್ತಲೆ ಎಂದು ಬಂದವರು ದೂರುತ್ತಾರೆ. ಕೆಂಪು ಕಾವಿನ ಬಣ್ಣ ಬಿಸಿಲಿನಲ್ಲಿ ಕಾಣುವುದಿಲ್ಲ, ಆದ್ದರಿಂದ ಕಿಟಕಿಗೆ ಪರದೆ ಬಿಟ್ಟಿದ್ದೇನೆ.

ಆ ಸಾಸಿವೆ ಕಾಳಿನಂಥ ಗುಂಡುಗಳನ್ನ ಒಂದೊಂದಾಗಿ ಉರುಟು ಮಾಡ್ತೀರಾ?

ಉರುಟು ಮಾಡುವುದು ಬೆಂಕಿ. ಕಂಬಚ್ಚಿನಲ್ಲಿ, ಅಂದರೆ ತಂತಿ ಎಳೆಯುವ ತೂತುಗಳ ಉಕ್ಕಿನ ಪಟ್ಟಿಯಲ್ಲಿ, ಎಳೆದ ತಂತಿಯನ್ನು ಒಂದೇ ಉದ್ದದ ತುಣುಕುಗಳಾಗಿ ಕತ್ತರಿಸಿ, ಇದ್ದಿಲಿನ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಕಾಸಿದರೆ, ಕರಗಿದ ತುಣುಕು ತಾನಾಗಿ ಗುಂಡಗಾಗುತ್ತದೆ. ಕೆಸುವಿನೆಲೆಯ ಮೇಲೆ ನೀರು ಮಣಿಯಾಗುವುದೂ ಇದೇ ಗುಣದಿಂದ. ಆಮೇಲೆ ಜರಡಿಯಲ್ಲಿ ಗಾತ್ರ ಬೇರ್ಪಡಿಸುತ್ತೇವೆ. ಬೇಸರದ ಕೆಲಸವೆಂದರೆ ಅವನ್ನು ಕುಂಚದ ತುದಿಯಿಂದ ಸಾಲಾಗಿ ಕೂರಿಸುವುದು. ಹಾಗೆ ಕೂರಿಸುವಾಗ ಯಾರಾದರೂ ಸೀನಿದರೆ ಮಾತು ಬಿಡುತ್ತೇನೆ.

ಬೆಳ್ಳಿ ಕರಡಿಗೆ ಸಣ್ಣ ವಸ್ತು, ಅದಕ್ಕೆ ಅಷ್ಟು ಮಜೂರಿ ಯಾಕ್ರಿ?

ಇಷ್ಟಲಿಂಗದ ಕರಡಿಗೆ ದಿನವೂ ತೆರೆದು ಮುಚ್ಚುವ ವಸ್ತು, ಎದೆಯ ಮೇಲೆ ಬೆವರಿನಲ್ಲಿ ಇರುವಂಥದ್ದು. ಎರಡು ಬಟ್ಟಲುಗಳನ್ನು ಬಡಿದೆಬ್ಬಿಸಿ, ಅಂಚಿಗೆ ಅಂಚು ಕೂಡುವಂತೆ ಉಜ್ಜಬೇಕು. ಬೆಳ್ಳಿ ಬಡಿದಷ್ಟೂ ಗಡಸಾಗುತ್ತದೆ, ಆಗಾಗ ಕಾಸಿ ಮೆದು ಮಾಡದಿದ್ದರೆ ಅಂಚು ಸೀಳುತ್ತದೆ. ಮುಚ್ಚಳ ಬಿಗಿಯಾದರೆ ವಯಸ್ಸಾದವರ ಬೆರಳಿಗೆ ಬಗ್ಗುವುದಿಲ್ಲ, ಸಡಿಲವಾದರೆ ನಡೆದಾಡುವಾಗ ತೆರೆದುಕೊಳ್ಳುತ್ತದೆ. ಶಿವದಾರ ಕಟ್ಟುವ ಕಿವಿಗಳ ಒಳಗಂಚನ್ನು ಕಣ್ಣಿಗೆ ಕಾಣದಿದ್ದರೂ ನುಣ್ಣಗೆ ಮಾಡಬೇಕು, ಇಲ್ಲವಾದರೆ ದಾರ ಸವೆದು ತುಂಡಾಗುತ್ತದೆ. ಕೈಕೆಲಸ ಬೇಕೇ ಬೇಕು ಎಂದು ನಾನು ಹಟ ಹಿಡಿಯುವ ವಸ್ತುಗಳಲ್ಲಿ ಇದು ಮೊದಲನೆಯದು.

ಒಂದು ಕೊಂಡಿ ಹಚ್ಚೋಕೆ ಮುತ್ತು ಹವಳ ಎಲ್ಲಾ ಬಿಚ್ಚಬೇಕಾ?

ಬಿಚ್ಚಬೇಕು. ಮುತ್ತು, ಹವಳಗಳು ನೀರಿನ ಜೀವಿಗಳು ಕಟ್ಟಿದ ಸುಣ್ಣದ ವಸ್ತುಗಳು, ಬೆಂಕಿಗೂ ಹುಳಿಗೂ ತಡೆಯುವುದಿಲ್ಲ. ಬೆಸುಗೆಯ ನಂತರ ಕಪ್ಪು ತೆಗೆಯಲು ಒಡವೆಯನ್ನು ಹಿಂದೆ ಹುಣಸೆಹಣ್ಣಿನ ನೀರಿನಲ್ಲಿ, ಈಗ ತೆಳು ಆಮ್ಲದಲ್ಲಿ ಕಾಸುತ್ತೇವೆ. ಮುತ್ತು ಅಲ್ಲಿಯೇ ಮಂಕಾಗುತ್ತದೆ. ಪಚ್ಚೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿದ್ದು ಅವಕ್ಕೆ ಎಣ್ಣೆ ಕುಡಿಸಿರುತ್ತಾರೆ, ಅದೂ ಬಿಸಿಗೆ ಆಗದು. ಮನೆಯಲ್ಲಿ ತೊಳೆಯುವವರು ಮುತ್ತಿಲ್ಲದ ಬಂಗಾರವನ್ನು ಅಂಟವಾಳದ ನೊರೆಯಲ್ಲಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಸಾಕು.

ನಮ್ಮ ಹುಡುಗ ಕಲೀಬೇಕು ಅಂತಾನೆ. ಎಷ್ಟು ವರ್ಷ ಬೇಕು?

ಅರ ಹಿಡಿಯಲು ಆರು ತಿಂಗಳು, ಬೆಸುಗೆಗೆ ಎರಡು ವರ್ಷ, ತನ್ನದೇ ರೂಪ ಕಟ್ಟಲು ಎಷ್ಟೆಂದು ಹೇಳಲಾರೆ. ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಆರಂಭವಾಗಿದ್ದು, ಅದರ 18 ಕಸುಬುಗಳಲ್ಲಿ ಅಕ್ಕಸಾಲಿಯದೂ ಸೇರಿದೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯ ಸಾಲ ಅದರಲ್ಲಿವೆ. ಆದರೆ ಕಸುಬಿನವರಿಗೇ ಅದು ಆಸರೆ. ಹೊಸಬರು ಮೊದಲು ಒಬ್ಬರ ಮಣೆಯ ಪಕ್ಕ ಕುಳಿತುಕೊಳ್ಳಬೇಕಾಗುತ್ತದೆ. ನಾನು ಬಂದವರಿಗೆ ಮೊದಲ ತಿಂಗಳು ತಾಮ್ರದ ಉಂಗುರವನ್ನೇ ಮಾಡಿಸುತ್ತೇನೆ. ಒಳವ್ಯಾಸ 17, ದಪ್ಪ 1.5 ಮಿಲಿಮೀಟರ್ ಇದ್ದರೆ ಪಟ್ಟಿ ಎಷ್ಟು ಉದ್ದ ಬೇಕೆಂದು ಕೇಳಿದಾಗ 17ನ್ನು ಹಿಡಿದು ಲೆಕ್ಕ ಹಾಕಿದವರ ಉಂಗುರ ಬಿಗಿಯಾಗುತ್ತದೆ. ದಪ್ಪವನ್ನೂ ಸೇರಿಸಿ 18.5ಕ್ಕೆ ಲೆಕ್ಕ ಹಾಕಬೇಕು, ಆಗ 58 ಮಿಲಿಮೀಟರ್ ಬರುತ್ತದೆ.

ಇಪ್ಪತ್ತು ವರ್ಷ ಆದ್ಮೇಲೆ ಮುರಿದ್ರೆ ಯಾರು ಸರಿ ಮಾಡ್ತಾರೆ?

ಆ ಹೊತ್ತಿಗೆ ನಾನು ಈ ಮಣೆಯ ಮೇಲೆ ಇರುತ್ತೇನೋ ಇಲ್ಲವೋ, ಬೇರೆ ಅಕ್ಕಸಾಲಿಯೊಬ್ಬರು ಬಿಚ್ಚಲು ಬರುವಂತೆ ಒಡವೆ ಇರಬೇಕು ಎಂಬುದು ನಮ್ಮ ತಂದೆಯವರ ಕಟ್ಟುನಿಟ್ಟು. ಆದ್ದರಿಂದ ಝುಮಕಿಯ ಗಂಟೆಯನ್ನು ಓಲೆಗೆ ಬೆಸೆಯುವುದಿಲ್ಲ, ಕೊಂಡಿಯಲ್ಲಿ ತೂಗುಹಾಕುತ್ತೇನೆ. ಸವೆಯುವುದು ಕೊಂಡಿ, ಅದನ್ನು ಅರ್ಧ ಗಂಟೆಯಲ್ಲಿ ಬದಲಿಸಬಹುದು. ಅರಗು ತುಂಬಿದ ಕಡೆ ಗಾಳಿ ಹೋಗಲು ತೂತು ಬಿಟ್ಟು, ಅದನ್ನು ಚೀಟಿಯಲ್ಲಿ ಗುರುತು ಹಾಕುತ್ತೇನೆ, ತಿಳಿಯದವರು ಬೆಂಕಿ ಇಟ್ಟರೆ ಗುಂಡು ಸಿಡಿಯುತ್ತದೆ. ಓಲೆಯ ತಿರುಪುಗಳನ್ನು ಕೈಯಲ್ಲೇ ಕೊರೆಯುವುದರಿಂದ ಒಂದರ ತಿರುಪು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಬಲಗಿವಿಯ ಓಲೆಯ ಹಿಂಭಾಗದಲ್ಲೂ ಅದರ ತಿರುಪಿನ ಮೇಲೂ ಒಂದೊಂದು ಚುಕ್ಕೆ ಹೊಡೆದಿರುತ್ತೇನೆ, ಎಡಗಿವಿಯದಕ್ಕೆ ಚುಕ್ಕೆ ಇರುವುದಿಲ್ಲ. ತಿರುಪು ಅರ್ಧಕ್ಕೆ ನಿಂತಿತೆಂದು ಬಲವಂತ ಮಾಡುವ ಮೊದಲು ಚುಕ್ಕೆ ನೋಡಿಕೊಳ್ಳಿ.